ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ? ಘಾಟ್ ಇಳಿಯುವ ಮುಂಚೆ ನೀವೇ ನೋಡಿಕೊಳ್ಳಿ

ಪುಣೆಯಿಂದ ಕಾರಿನಲ್ಲಿ ಊರಿಗೆ ಹೊರಡುವ ನಮ್ಮ ಜನ, ಬೆಳಗಾವಿ ಕಡೆಯವರಿರಲಿ, ಹುಬ್ಬಳ್ಳಿಯವರಿರಲಿ, ವಿಜಯಪುರದವರಿರಲಿ, ಹಿಂದಿನ ದಿನ ಟೈರಿಗೆ ಗಾಳಿ ಹಾಕಿಸುತ್ತಾರೆ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡುತ್ತಾರೆ. ವೈಪರ್‌ಗೆ ನೀರು ತುಂಬಿಸುತ್ತಾರೆ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ನೋಡುವವರು ಮಾತ್ರ ಕಡಿಮೆ. ಯಾಕೆ ಅಂತ ಕೇಳಿದರೆ ನಮ್ಮ ಸೊಸೈಟಿಯ ಧಾರವಾಡದ ಕಾಕಾ ಹೇಳುವ ಮಾತೇ ಎಲ್ಲರ ಬಾಯಲ್ಲೂ ಬರುತ್ತದೆ: "ಬ್ರೇಕ್ ಛಲೋ ಹಿಡೀತಾವಲ್ಲೋ, ಮತ್ಯಾಕ ಬಿಚ್ಚಸೂದು?"

ತೊಂದರೆ ಇರುವುದೇ ಇಲ್ಲಿ. ಪ್ಯಾಡ್ ಸವೆದರೆ ಬ್ರೇಕ್ ಪೆಡಲ್ ಕೆಳಗೆ ಹೋಗುತ್ತದೆ, ಆಗ ಕಾಲಿಗೆ ಗೊತ್ತಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಡಿಸ್ಕ್ ಬ್ರೇಕಿನಲ್ಲಿ ಹಾಗಾಗುವುದಿಲ್ಲ. ಪ್ಯಾಡ್ ಎಷ್ಟು ಸವೆಯುತ್ತದೋ, ಅದನ್ನು ಹಿಂದಿನಿಂದ ಒತ್ತುವ ಪಿಸ್ಟನ್ ಅಷ್ಟೇ ಮುಂದಕ್ಕೆ ಬಂದು ಕೂರುತ್ತದೆ. ಹಾಗಾಗಿ 10 ಮಿಮೀ ಪ್ಯಾಡ್ ಇದ್ದಾಗಲೂ 3 ಮಿಮೀ ಇದ್ದಾಗಲೂ ಪೆಡಲ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಊರೊಳಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಸವೆದದ್ದು ಗೊತ್ತಾಗಬೇಕಾದರೆ ಕಣ್ಣಲ್ಲೇ ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಟಾರ್ಚ್ ಮತ್ತು ಹತ್ತು ನಿಮಿಷ.

ಮೊದಲು, ಯಾವುದನ್ನು ನೋಡಬೇಕು

ಮುಂದಿನ ಚಕ್ರದ ಹಿಂದೆ ಹೊಳೆಯುವ ಕಬ್ಬಿಣದ ತಟ್ಟೆ ಇರುತ್ತದೆ. ಅದು ಡಿಸ್ಕ್. ಅದರ ಒಂದು ಕಡೆಯನ್ನು ಅಪ್ಪಿ ಕೂತಿರುವ ದಪ್ಪ ಲೋಹದ ಗಡ್ಡೆಯೇ ಕ್ಯಾಲಿಪರ್. ಕ್ಯಾಲಿಪರ್ ಒಳಗೆ ಡಿಸ್ಕಿನ ಆಚೆಗೊಂದು, ಈಚೆಗೊಂದು ಪ್ಯಾಡ್. ಒಂದೊಂದು ಪ್ಯಾಡಿನಲ್ಲೂ ಎರಡು ಪದರ ಇದೆ. ಹಿಂದೆ ಸುಮಾರು 5 ಮಿಮೀ ದಪ್ಪದ ಉಕ್ಕಿನ ಪಟ್ಟಿ, ಅದರ ಮೇಲೆ ಕಪ್ಪು ಅಥವಾ ಬೂದು ಬಣ್ಣದ ಉಜ್ಜುವ ಪದಾರ್ಥ. ಸವೆಯುವುದು ಈ ಎರಡನೆಯದು ಮಾತ್ರ. ಅಳೆಯುವಾಗ ಉಕ್ಕಿನ ಪಟ್ಟಿಯನ್ನೂ ಸೇರಿಸಿ "ಇನ್ನೂ 7 ಮಿಮೀ ಇದೆ" ಅಂದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಆಗ ನಿಜಕ್ಕೂ ಉಳಿದಿರುವುದು 2 ಮಿಮೀ ಅಷ್ಟೇ.

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿಮೀ ಇರುತ್ತದೆ. 5 ಮಿಮೀಗೆ ಬಂದರೆ ಆಗಾಗ ನೋಡುತ್ತಾ ಇರಿ. 3 ಮಿಮೀ ಆದರೆ ಬದಲಿಸಿ. ಕೆಲವು ಕಂಪನಿಗಳ ಕೈಪಿಡಿಯಲ್ಲಿ 2 ಮಿಮೀವರೆಗೂ ಓಡಿಸಬಹುದು ಅಂತ ಇರುತ್ತದೆ. ನಾನಾದರೆ ಅಷ್ಟು ಕೊನೆಯವರೆಗೆ ಕಾಯಲು ಹೇಳುವುದಿಲ್ಲ. ಸಹ್ಯಾದ್ರಿಯ ಘಾಟ್ ಇಳಿದು ಹತ್ತುವವರಿಗೆ ಆ ಕೊನೆಯ ಮಿಲಿಮೀಟರ್ ಉಳಿಸಿ ಸಿಗುವ ಲಾಭ ಏನೂ ಇಲ್ಲ. ಅಳತೆಗೆ ಸ್ಕೇಲ್ ತೂರಿಸಲು ಆಗದಿದ್ದರೆ ಈಗಿನ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ನೋಡಿ. ಅದು ಸುಮಾರು 3 ಮಿಮೀ.

ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಡ್ರಮ್ ಬ್ರೇಕ್ ಇರುತ್ತದೆ. ಅದರೊಳಗೆ ಪ್ಯಾಡ್ ಬದಲು ಶೂ. ಗ್ಯಾರೇಜಿನವರು ಲೈನರ್ ಅನ್ನುತ್ತಾರೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುವುದರಿಂದ ಮುಂದಿನ ಪ್ಯಾಡ್‌ಗಳ ಮೇಲೇ ಜಾಸ್ತಿ ಕೆಲಸ. ಹಿಂದಿನ ಲೈನರ್ ಬಹಳ ಕಾಲ ಬರುತ್ತದೆ. ಅದು ಡ್ರಮ್ ಬಿಚ್ಚದೆ ಕಾಣುವುದಿಲ್ಲ, ಸರ್ವಿಸ್ ಹೊತ್ತಿಗೆ ಬಿಚ್ಚಿಸಿ ನೋಡಿದರೆ ಸಾಕು.

ಚಕ್ರ ಬಿಚ್ಚದೆ ನೋಡುವುದು

ಕಾರು ನಿಂತು ಒಂದು ಗಂಟೆಯಾದರೂ ಆಗಿರಲಿ. ಈಗಷ್ಟೇ ಓಡಿ ಬಂದ ಕಾರಿನ ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ. ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ಅಲಾಯ್ ಚಕ್ರ ಇದ್ದರೆ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟರೆ ಹೊರಗಿನ ಪ್ಯಾಡ್ ಕಾಣುತ್ತದೆ. ಡಿಸ್ಕಿಗೆ ಅಂಟಿಕೊಂಡಂತೆ ಇರುವ ಕಪ್ಪು ಪದರ ಎಷ್ಟಿದೆ ನೋಡಿ. ಇಷ್ಟಕ್ಕೇ ತೃಪ್ತರಾಗಬೇಡಿ. ಎಷ್ಟೋ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಗಿನ ಕಡೆ ಮಾತ್ರ, ಹಾಗಾಗಿ ಒಳಗಿನ ಪ್ಯಾಡ್ ಮೊದಲು ಸವೆಯುತ್ತದೆ. ಹೊರಗಿನದು 6 ಮಿಮೀ ಇದ್ದು ಒಳಗಿನದು 2 ಮಿಮೀಗೆ ಬಂದಿರುವುದು ಅಪರೂಪವೇನಲ್ಲ.

ಒಳಗಿನ ಪ್ಯಾಡ್ ನೋಡಲು ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಇಳಿದು ಬಂದು ಚಕ್ರದ ಹಿಂಬದಿಗೆ ಬಗ್ಗಿ ನೋಡಿ. ಕ್ಯಾಲಿಪರ್ ಕಾಣದಿದ್ದರೆ ಇನ್ನೊಂದು ಕಡೆಗೆ ತಿರುಗಿಸಿ. ಕೆಲವು ಕ್ಯಾಲಿಪರ್‌ಗಳ ಬೆನ್ನಿನ ಮೇಲೆ ಒಂದು ತೆರೆದ ಕಿಂಡಿ ಇರುತ್ತದೆ. ಅದರಲ್ಲಿ ಎರಡೂ ಪ್ಯಾಡ್ ಒಟ್ಟಿಗೆ ಕಾಣುತ್ತವೆ. ಬಗ್ಗಲು ಆಗದಿದ್ದರೆ ಮೊಬೈಲ್‌ನಲ್ಲಿ ಫ್ಲ್ಯಾಶ್ ಹಾಕಿ ವಿಡಿಯೋ ತೆಗೆದು ಆಮೇಲೆ ಆರಾಮಾಗಿ ದೊಡ್ಡದು ಮಾಡಿ ನೋಡಿ. ಹಳೆ ಫೋಟೋ ಜೊತೆ ಹೋಲಿಸಲೂ ಆಗುತ್ತದೆ.

ಎಡ, ಬಲ ಎರಡೂ ಚಕ್ರ ನೋಡಲೇಬೇಕು. ಒಂದು ಕಡೆ ತುಂಬಾ ಸವೆದು ಇನ್ನೊಂದು ಕಡೆ ಹಾಗೇ ಇದ್ದರೆ, ಅಥವಾ ಒಂದೇ ಚಕ್ರದಲ್ಲಿ ಒಳಗಿನದಕ್ಕೂ ಹೊರಗಿನದಕ್ಕೂ ಅಜಗಜಾಂತರ ಇದ್ದರೆ, ಕ್ಯಾಲಿಪರ್ ಜಾರಬೇಕಾದ ಪಿನ್ ಒಣಗಿ ಅಥವಾ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಬರೀ ಪ್ಯಾಡ್ ಬದಲಿಸಿದರೆ ಹೊಸದೂ ಹಾಗೇ ಓರೆಯಾಗಿ ಸವೆಯುತ್ತದೆ. ಪಿನ್ ಬಿಚ್ಚಿ, ಒರೆಸಿ, ಬ್ರೇಕ್‌ಗೆಂದೇ ಬರುವ ಗ್ರೀಸ್ ಹಚ್ಚಿಸಬೇಕು.

ಸ್ಟೀಲ್ ಚಕ್ರ, ಮೇಲೊಂದು ಪ್ಲಾಸ್ಟಿಕ್ ಕಪ್ ಇರುವ ಕಾರಾದರೆ ಹೊರಗಿನಿಂದ ಏನೂ ಕಾಣದಿರಬಹುದು. ಆಗ ಚಕ್ರ ಬಿಚ್ಚಬೇಕು. ಸ್ಟೆಪ್ನಿ ಹಾಕಿ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ನಟ್‌ಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸ್ವಲ್ಪ ಸಡಿಲ ಮಾಡಿ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜ್ಯಾಕ್ ಕೊಟ್ಟು ಎತ್ತಿ. ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮೈ ತೂರಿಸಬೇಡಿ. ಅಭ್ಯಾಸ ಇಲ್ಲದವರು ಪಂಕ್ಚರ್ ಅಂಗಡಿಯಲ್ಲಿ ಟೈರ್ ಬದಲಾಯಿಸಿ ಹಾಕಿಸುವ ದಿನವೇ ಪಕ್ಕದಲ್ಲಿ ನಿಂತು ನೋಡಿಬಿಡಿ. ಹೇಗೂ ಚಕ್ರ ಬಿಚ್ಚಿರುತ್ತಾರೆ, ಅಲ್ವಾ?

ಬಾನೆಟ್ ಎತ್ತಿದರೂ ಒಂದು ಸುಳಿವು ಸಿಗುತ್ತದೆ

ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ ಇರುತ್ತವೆ. ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಾಗ ಅದರ ಹಿಂದಿನ ಜಾಗ ತುಂಬಲು ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಧಾನವಾಗಿ ಮಟ್ಟ ಇಳಿದಿದ್ದರೆ ಪ್ಯಾಡ್ ಸವೆದಿದೆ ಎಂದೇ ಸಾಮಾನ್ಯ ಅರ್ಥ. ಆಗ ಸುಮ್ನೆ ಆಯಿಲ್ ಸುರಿದು ಮೇಲಕ್ಕೆ ತರಬೇಡಿ. ಮೊದಲು ಪ್ಯಾಡ್ ನೋಡಿ. ಮೇಲಿನ ಗೆರೆವರೆಗೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಹೊರಗೆ ಬರುತ್ತದೆ. ಅದು ಬಿದ್ದ ಕಡೆ ಪೇಂಟ್ ಹಾಳು.

ಮಟ್ಟ ದಿಢೀರನೆ ಇಳಿದಿದ್ದರೆ ವಿಷಯವೇ ಬೇರೆ. ಎಲ್ಲೋ ಸೋರುತ್ತಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದೂ ಹೀಗೇ: ಅದು ಪ್ಯಾಡಿನ ಕಾಯಿಲೆ ಅಲ್ಲ, ಆಯಿಲ್ ಸೋರಿಕೆ ಅಥವಾ ಪೈಪಿನಲ್ಲಿ ಗಾಳಿ. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಡ್ಯಾಶ್‌ಬೋರ್ಡ್‌ನ ಕೆಂಪು ಬ್ರೇಕ್ ದೀಪವನ್ನು ನಂಬಿ ಕೂರುವವರಿದ್ದಾರೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಆ ದೀಪ ಹೊತ್ತುವುದು ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಅಥವಾ ಆಯಿಲ್ ಮಟ್ಟ ಕಡಿಮೆಯಾದರೆ. ಪ್ಯಾಡಿಗೇ ವೈರ್ ಹಾಕಿದ ಸೆನ್ಸರ್ ಇರುವುದು ಮುಖ್ಯವಾಗಿ ದುಬಾರಿ ಕಾರುಗಳಲ್ಲಿ.

ಸದ್ದುಗಳ ವಿಷಯ

ಸದ್ದಿನ ಬಗ್ಗೆ ಎರಡು ಥರದ ಜನ. ಚಿಕ್ಕ ಕೀರಲು ಕೇಳಿದರೂ ಪ್ಯಾಡ್ ಬದಲಿಸುವವರು ಕೆಲವರು. ಕರಕರ ಅಂದರೂ ಎಫ್‌ಎಂ ಜೋರು ಮಾಡುವವರು ಇನ್ನು ಕೆಲವರು. ಇಬ್ಬರಿಗೂ ದುಡ್ಡು ದಂಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕ್ ಮೇಲೆ ಬೆಳಗ್ಗೆ ಕಂದು ಬಣ್ಣದ ತೆಳು ತುಕ್ಕು ಕಾಣುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ಗೊರಗೊರ ಅಂದು ಆಮೇಲೆ ನಿಂತರೆ ಚಿಂತೆ ಬೇಡ, ತುಕ್ಕು ಉಜ್ಜಿಹೋಯಿತು. ಒಂದು ವಾರ ನಿಲ್ಲಿಸಿದ ಕಾರಿನಲ್ಲೂ ಹೀಗೇ.

ಬ್ರೇಕ್ ಹಗುರವಾಗಿ ಒತ್ತಿದಾಗ ಪ್ರತಿಸಲವೂ, ಮಳೆ ಬಿಸಿಲು ಎನ್ನದೆ, ಕಿವಿಗೆ ಚುಚ್ಚುವಂಥ ಕೀಂ ಸದ್ದು ಬಂದರೆ ಚಕ್ರ ನೋಡಲೇಬೇಕು. ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪದರ 2-3 ಮಿಮೀಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಲಿ ಎಂದೇ ಇಟ್ಟಿರುತ್ತಾರೆ. ಎಚ್ಚರಿಕೆ ಕೊಡುವುದೇ ಅದರ ಕೆಲಸ. ಆದರೆ ಎಲ್ಲ ಪ್ಯಾಡಿಗೂ ಈ ನಾಲಿಗೆ ಇರುವುದಿಲ್ಲ, ಅಗ್ಗದ ಪ್ಯಾಡ್‌ಗಳಲ್ಲಿ ಬಿಟ್ಟಿರುವುದೂ ಉಂಟು. ಅಂಥ ಕಾರು ಸವೆದರೂ ಕೀಂ ಅನ್ನದೆ ನೇರ ಕರಕರಕ್ಕೇ ಹೋಗುತ್ತದೆ. ಸದ್ದು ಬಂದಿಲ್ಲ ಅಂದಮಾತ್ರಕ್ಕೆ ಪ್ಯಾಡ್ ಚೆನ್ನಾಗಿದೆ ಅಂತ ತಿಳಿಯಬೇಡಿ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಪ್ಯಾಡ್ 7 ಮಿಮೀ ಇದ್ದೂ ಕೀಂ ಅನ್ನಬಹುದು. ಬಿಸಿಯಾಗಿ ಮೇಲ್ಮೈ ಗಾಜಿನಂತೆ ನುಣುಪಾಗಿದ್ದರೆ, ಧೂಳು ಕೂತಿದ್ದರೆ, ಪ್ಯಾಡಿನ ಬೆನ್ನಿಗಿರುವ ತೆಳು ತಗಡು ಬಿದ್ದುಹೋಗಿದ್ದರೆ ಹೀಗಾಗುತ್ತದೆ. ಆಗ ಬಿಚ್ಚಿ ಒರೆಸಿ, ಮೇಲ್ಮೈ ಸ್ವಲ್ಪ ಉಜ್ಜಿ ಹಾಕಿದರೆ ಸಾಕಾಗಬಹುದು. ಬ್ರೇಕ್ ಒತ್ತದಿದ್ದಾಗಲೂ ಒಂದೇ ಸಮ ಕಿರಿಕಿರಿ ಬರುತ್ತಿದ್ದರೆ ಡಿಸ್ಕ್ ಮತ್ತು ಅದರ ಹಿಂದೆ ಧೂಳು ತಡೆಯಲು ಇರುವ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದಮೇಲೆ ಶುರುವಾದ ಸದ್ದಾದರೆ ಮೊದಲು ಅದನ್ನೇ ಅನುಮಾನಿಸಿ.

ಕರಕರ, ಲೋಹಕ್ಕೆ ಲೋಹ ಉಜ್ಜುವ ಸದ್ದು ಬಂದರೆ ಉಜ್ಜುವ ಪದರ ಮುಗಿದು ಉಕ್ಕಿನ ಪಟ್ಟಿ ಡಿಸ್ಕನ್ನು ಕೆರೆಯುತ್ತಿದೆ ಎಂದೇ ತಿಳಿಯಿರಿ. ಅಲ್ಲಿಗೆ ಡಿಸ್ಕ್ ಖರ್ಚೂ ಸೇರಿತು. ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. ಆ ಕಾರಿನಲ್ಲಿ ಊರಿಗೆ ಹೊರಡಬೇಡಿ.

ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿದಂತೆ ಆದರೆ, ಸ್ಟಿಯರಿಂಗ್ ನಡುಗಿದರೆ, ಅದು ಡಿಸ್ಕ್ ದಪ್ಪ ಏರುಪೇರಾದ ಲಕ್ಷಣ. ಜೋರಾಗಿ ಒತ್ತಿದಾಗ ಮಾತ್ರ ಟಕಟಕ ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ, ಹೆದರಬೇಡಿ. ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆದರೆ ಕ್ಯಾಲಿಪರ್ ತೋರಿಸಿ.

ಎಷ್ಟು ಕಿಲೋಮೀಟರ್ ಬರುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಮತ್ತು ಅಷ್ಟೇನೂ ಪ್ರಯೋಜನ ಇಲ್ಲದ ಪ್ರಶ್ನೆ. ಒಬ್ಬರಿಗೆ 25,000 ಕಿಮೀಗೇ ಮುಗಿಯುತ್ತದೆ, ಇನ್ನೊಬ್ಬರಿಗೆ 60,000 ದಾಟುತ್ತದೆ. ಪುಣೆಯ ಹಿಂಜವಡಿಯ ಟ್ರಾಫಿಕ್‌ನಲ್ಲಿ ದಿನಾ ಸಂಜೆ ಹರಿದಾಡುವ ಆಟೊಮ್ಯಾಟಿಕ್ ಕಾರಿಗೂ, ವಾರಕ್ಕೊಮ್ಮೆ ಹೈವೇ ಹತ್ತುವ ಕಾರಿಗೂ ಏನು ಹೋಲಿಕೆ?

ನಿಮ್ಮ ಕಾರಿನ ಲೆಕ್ಕ ನೀವೇ ಹಾಕಿಕೊಳ್ಳಿ. ಪ್ರತಿ ಸರ್ವಿಸ್‌ನಲ್ಲೂ ಪ್ಯಾಡ್ ದಪ್ಪ ಕೇಳಿ ಬಿಲ್ ಮೇಲೆ ಬರೆದಿಡಿ. ಉದಾಹರಣೆಗೆ, ಹೊಸದಾಗಿ 10 ಮಿಮೀ ಇದ್ದದ್ದು 20,000 ಕಿಮೀಗೆ 6 ಆಗಿದ್ದರೆ, 5,000 ಕಿಮೀಗೆ 1 ಮಿಮೀ ಹೋಗುತ್ತಿದೆ. 3ಕ್ಕೆ ಇಳಿಯಲು ಇನ್ನೂ 15,000 ಕಿಮೀ ಇದೆ. ಮುಂದಿನ ಸರ್ವಿಸ್ 10,000ಕ್ಕೆ ಇದ್ದರೆ ಅಲ್ಲಿಯವರೆಗೆ ಧೈರ್ಯವಾಗಿ ಓಡಿಸಿ. ಗ್ಯಾರೇಜಿನವರು "ಈಗಲೇ ಬದಲಿಸಿಬಿಡಿ" ಅಂದರೆ ಈ ಲೆಕ್ಕ ತೋರಿಸಿ ಮಾತಾಡಬಹುದು.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಕಾರನ್ನು ನಿಧಾನಿಸುವುದರಿಂದ ನಿಮ್ಮ ಪ್ಯಾಡ್ ತುಂಬಾ ನಿಧಾನ ಸವೆಯುತ್ತದೆ. ಆದರೆ ಬಳಕೆ ಕಡಿಮೆಯಾದಷ್ಟೂ ಡಿಸ್ಕ್ ತುಕ್ಕು ಹಿಡಿಯುವುದು, ಪಿನ್ ಸಿಕ್ಕಿಕೊಳ್ಳುವುದು ಜಾಸ್ತಿ. ಮಳೆಗಾಲದಲ್ಲಿ ಖಾಲಿ ರಸ್ತೆ ಸಿಕ್ಕಾಗ ಆಗಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಡಿಸ್ಕ್ ಉಜ್ಜಿಕೊಳ್ಳಿ.

ಘಾಟ್ ಇಳಿಯುವವರಿಗೆ 3 ಮಿಮೀ ಯಾಕೆ ಮುಖ್ಯ

ಮುಂಬೈಗೆ ಹೋಗುವಾಗ ಲೋಣಾವಳಾದಿಂದ ಖೋಪೋಲಿಗೆ ಇಳಿದರೆ ಸುಮಾರು 500 ಮೀಟರ್ ಕೆಳಗೆ ಬಂದಿರುತ್ತೀರಿ. ಗೋವಾದವರು ಬೆಳಗಾವಿಯಿಂದ ವಾಪಸ್ ಹೋಗುವಾಗ ಚೋರ್ಲಾ, ಅನಮೋಡ್‌ನಂಥ ಒಂದು ಘಾಟ್ ಇಳಿಯಲೇಬೇಕು. ಜನ, ಸಾಮಾನು ಸೇರಿ 1,200 ಕೆಜಿ ತೂಗುವ ಕಾರು 500 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಹದಿನೈದು ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಸ್ವಲ್ಪ ಗಾಳಿಗೆ ಹೋಗುತ್ತದೆ, ಸ್ವಲ್ಪ ಎಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟು ಬ್ರೇಕ್ ಮೇಲೇ ಇಳಿದರೆ ಉಳಿದದ್ದೆಲ್ಲ ಆ ನಾಲ್ಕು ಚಕ್ರಗಳ ಬ್ರೇಕಿನಲ್ಲೇ ಶಾಖವಾಗುತ್ತದೆ.

ಪ್ಯಾಡ್ ದಪ್ಪ ಇದ್ದರೆ ಆ ಶಾಖ ಪಿಸ್ಟನ್‌ಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ತೆಳುವಾಗಿದ್ದರೆ ಬೇಗ ಮುಟ್ಟಿ ಬ್ರೇಕ್ ಆಯಿಲ್ ಕಾಯುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಡಾಟ್ 4ಕ್ಕೆ ಆ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಆಗುತ್ತದೆ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಸವೆದ ಪ್ಯಾಡ್, ಹಳೆ ಆಯಿಲ್, ಉದ್ದ ಇಳಿಜಾರು ಮೂರೂ ಒಟ್ಟಿಗೆ ಸೇರಬಾರದು. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹಳಷ್ಟು ಕಂಪನಿಗಳು ಹೇಳುವುದು ಇದಕ್ಕೇ.

ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಅಥವಾ ಲೋ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುವ ಬದಲು, ಒಮ್ಮೆ ಸರಿಯಾಗಿ ಒತ್ತಿ ವೇಗ ಇಳಿಸಿ ಬಿಡಿ. ನಮ್ಮ ಪುಣೆಯಲ್ಲೇ, ಸಾತಾರಾ ಕಡೆಯಿಂದ ಬಂದು ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗಿನ ಇಳಿಜಾರು ಎಷ್ಟು ಅಪಾಯ ಅಂತ ಎಲ್ಲರಿಗೂ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲಿ ಹಿಡಿತ ತಪ್ಪಿದ ಒಂದು ಭಾರಿ ವಾಹನದಿಂದ ಹತ್ತಾರು ವಾಹನ ಜಜ್ಜಿಹೋದವು. ಊರಿಂದ ಬಂದು ಸುಸ್ತಾಗಿ, ಮನೆ ಬಂತು ಅನ್ನುವ ಹೊತ್ತಿಗೆ ಸಿಗುವ ಇಳಿಜಾರು ಅದು.

ಸುಟ್ಟ ವಾಸನೆ ಬಂದರೆ, ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲುತ್ತಿಲ್ಲ ಅನಿಸಿದರೆ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಡಿಸ್ಕ್ ಮೇಲೆ ನೀರು ಹಾಕಬೇಡಿ, ಬಿರುಕು ಬಿಡಬಹುದು ಅಥವಾ ಸೊಟ್ಟಗಾಗಬಹುದು.

ಗ್ಯಾರೇಜಿನಲ್ಲಿ

ಮರಾಠಿ ಅಷ್ಟಾಗಿ ಬರದಿದ್ದರೂ ಎರಡು ಮಾತು ಸಾಕು. "ಪ್ಯಾಡ್ ಕಿತೀ ಎಂಎಂ ಉರಲೇತ್?" (ಪ್ಯಾಡ್ ಎಷ್ಟು ಮಿಮೀ ಉಳಿದಿವೆ?) ಅಂತ ಕೇಳಿ. ಬದಲಿಸಿದ ಮೇಲೆ "ಜುನೇ ಪ್ಯಾಡ್ ದಾಖವಾ" (ಹಳೆ ಪ್ಯಾಡ್ ತೋರಿಸಿ) ಅನ್ನಿ. ಹಳೆ ಪ್ಯಾಡ್ ಕೈಗೆ ಬಂದರೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಸಮ ಸವೆದಿವೆಯಾ, ಓರೆ ಸವೆತ ಇದೆಯಾ ಅಲ್ಲೇ ಗೊತ್ತಾಗುತ್ತದೆ.

ಬದಲಿಸಿದರೆ ಎಡ–ಬಲ ಎರಡೂ ಚಕ್ರದ ಪ್ಯಾಡ್ ಒಟ್ಟಿಗೇ ಬದಲಿಸಬೇಕು. ಒಂದು ಕಡೆ ಮಾತ್ರ ಹಾಕಿದರೆ ಬ್ರೇಕ್ ಹಾಕಿದಾಗ ಕಾರು ಎಳೆಯುತ್ತದೆ. ಡಿಸ್ಕ್ ಮೇಲೆ ಉಗುರು ಆಡಿಸಿ ನೋಡಿ. ಆಳವಾದ ಗೀರು ಇದ್ದರೆ, ಅಂಚಿನಲ್ಲಿ ಎತ್ತರದ ಏಣು ಎದ್ದಿದ್ದರೆ, ಅದರ ದಪ್ಪ ಅಳೆಸಿ. ಕನಿಷ್ಠ ಎಷ್ಟಿರಬೇಕು ಎಂಬುದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ದಪ್ಪ ಇದ್ದರೆ ಲೇತ್‌ನಲ್ಲಿ ಸಮ ಮಾಡಿಸಬಹುದು. ಕಡಿಮೆ ಇದ್ದರೆ, ಅಥವಾ ಸಮ ಮಾಡಿದ ಮೇಲೆ ಕಡಿಮೆಯಾಗುವಂತಿದ್ದರೆ, ಹೊಸದೇ ಬೇಕು.

ಬಿಡಿಭಾಗವನ್ನು ಪುಣೆಯ ನಾನಾ ಪೇಠ್ ಬಜಾರಿನಿಂದ ನೀವೇ ತರುವುದಾದರೆ ಕಾರಿನ ಮಾಡೆಲ್, ವರ್ಷ, ಎಂಜಿನ್ ಯಾವುದು ಅಂತ ಹೇಳಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡಲು ಒಪ್ಪದ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಬೇಡಿ, ಎಷ್ಟೇ ಅಗ್ಗವಾದರೂ. ಸೀಟ್ ಕವರ್ ಬೇಕಾದರೆ ಅಲ್ಲಿ ತಗೊಳ್ಳಿ. ಕೆಲಸ ಮಾಡುವಾಗ ಹುಡುಗರು ಬ್ರೇಕಿನ ಧೂಳನ್ನು ಗಾಳಿಯ ಪೈಪಿನಿಂದ ಊದುತ್ತಾರೆ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಅಥವಾ ಬ್ರೇಕ್ ಕ್ಲೀನರ್‌ನಿಂದ ಒರೆಸಲು ಹೇಳಿ, ನೀವೂ ದೂರ ನಿಲ್ಲಿ.

ಹೊಸ ಪ್ಯಾಡ್ ಹಾಕಿದ ದಿನ

ಕಾರು ಒಂದು ಇಂಚೂ ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗ್ಯಾರೇಜಿನ ಗೋಡೆಗೇ ಗುದ್ದಬಹುದು. ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ, ಚಕ್ರದ ನಟ್ ಬಿಗಿಯಾಗಿವೆಯಾ ನೋಡಿ.

ಮೊದಲ 200–300 ಕಿಮೀ ಹೊಸ ಪ್ಯಾಡ್ ಪೂರ್ತಿ ಹಿಡಿಯುವುದಿಲ್ಲ. ಡಿಸ್ಕಿಗೂ ಅದಕ್ಕೂ ಮೈ ಕೂಡಿಬರಬೇಕು. ಖಾಲಿ ರಸ್ತೆಯಲ್ಲಿ 50–60 ಕಿಮೀ ವೇಗದಿಂದ 20ಕ್ಕೆ ಹದವಾಗಿ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ, ನಡುನಡುವೆ ಸ್ವಲ್ಪ ದೂರ ಬ್ರೇಕ್ ಇಲ್ಲದೆ ಓಡಿಸಿ ಆರಲು ಬಿಡಿ. ಬಿಸಿ ಬ್ರೇಕ್ ಮೇಲೆ ಕಾಲು ಗಟ್ಟಿಯಾಗಿ ಒತ್ತಿ ಸಿಗ್ನಲ್‌ನಲ್ಲಿ ನಿಲ್ಲಬೇಡಿ. ಹಬ್ಬಕ್ಕೆ ಊರಿಗೆ ಹೋಗುವುದಿದ್ದರೆ ಈ ಕೆಲಸ ಹಿಂದಿನ ಸಂಜೆಗೆ ಇಟ್ಟುಕೊಳ್ಳಬೇಡಿ. ಒಂದು ವಾರ ಮುಂಚೆ ಹಾಕಿಸಿದರೆ ಆಫೀಸಿಗೆ ಓಡಾಡುವುದರಲ್ಲೇ ಪ್ಯಾಡ್ ಕೂತಿರುತ್ತದೆ, ಏನಾದರೂ ಸದ್ದು ಬಂದರೆ ಮತ್ತೆ ಗ್ಯಾರೇಜಿಗೆ ಹೋಗಲೂ ಟೈಮ್ ಇರುತ್ತದೆ.